ಮನೆಯ ಧ್ವನಿಮುದ್ರಣಕ್ಕೆ ಕೀಬೋರ್ಡು ಮತ್ತು ತಂತ್ರಾಂಶ: ಆಯ್ಕೆಯ ವಿಮರ್ಶೆ

1

ವಾದ್ಯವನ್ನು ಕೊಳ್ಳುವುದು ವ್ಯಾಪಾರಕ್ಕೆ ಸೇರಿದ ಸಂಗತಿ, ನುಡಿಸುವುದು ಮಾತ್ರ ಕಲೆಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದಕಾರಣ ಸಂಗೀತವಿಮರ್ಶೆಯು ಗಾಯಕನ ಗುಣದೋಷಗಳನ್ನು ಎಣಿಸುವುದರಲ್ಲಿ ತೋರುವ ಆಸಕ್ತಿಯನ್ನು ಅವನ ಮುಂದಿರುವ ಯಂತ್ರದ ವಿಷಯದಲ್ಲಿ ತೋರುವುದಿಲ್ಲ. ಆದರೆ ಪ್ರತಿಯೊಂದು ವಾದ್ಯವೂ ಸಂಗೀತವನ್ನು ಕುರಿತ ಒಂದು ಅಭಿಪ್ರಾಯವೇ ಆಗಿದೆ. ಸಪ್ತಕವನ್ನು ಎಷ್ಟು ಭಾಗ ಮಾಡಬೇಕು, ಸ್ವರವೆಂಬುದು ಒಂದು ನೆಲೆಯೋ ಒಂದು ಚಲನೆಯೋ, ಕಾಲವನ್ನು ಅಳೆಯುವವನು ಹಾಡುಗಾರನೋ ಗಡಿಯಾರವೋ ಎಂಬ ಪ್ರಶ್ನೆಗಳಿಗೆಲ್ಲ ವಾದ್ಯವನ್ನು ಮಾಡಿದವನು ಮೊದಲೇ ಉತ್ತರ ಕೊಟ್ಟಿರುತ್ತಾನೆ. ಕೊಳ್ಳುವವನು ಹಣದೊಡನೆ ತನ್ನ ಒಪ್ಪಿಗೆಯನ್ನೂ ಕೊಟ್ಟು ಬರುತ್ತಾನೆ.

ಈ ಪ್ರಶ್ನೆ ಇಂದು ನಗರಗಳಿಗಿಂತ ಸಣ್ಣ ಊರುಗಳಲ್ಲಿ ಹೆಚ್ಚು ತೀವ್ರವಾಗಿದೆ. ದಾವಣಗೆರೆ ಜಿಲ್ಲೆಯ ನ್ಯಾಮತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಬಹುಕಾಲ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು, ಈಚೆಗೆ ತಾನೇ ತಾಲ್ಲೂಕು ಕೇಂದ್ರವಾದ ಊರು ಇದು. ಇಲ್ಲಿಯ ಹಾಡುಗಾರರ ದನಿ ದಾಖಲೆಯಾಗಬೇಕಾದರೆ ಹಿಂದೆ ಭದ್ರಾವತಿಯ ಆಕಾಶವಾಣಿ ನಿಲಯಕ್ಕೋ ಬೆಂಗಳೂರಿನ ಸ್ಟುಡಿಯೋಗೋ ಹೋಗಬೇಕಾಗಿತ್ತು. ಇಂದು ಒಂದು ಗಣಕಯಂತ್ರ, ಒಂದು ಕೀಬೋರ್ಡು, ಒಂದು ಮೈಕು ಇದ್ದರೆ ಮನೆಯ ಕೋಣೆಯೇ ಮುದ್ರಣಶಾಲೆಯಾಗುತ್ತದೆ. ಇದು ದೊಡ್ಡ ಸ್ವಾತಂತ್ರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಮನೆಯಲ್ಲಿ ಕೊಳ್ಳುವ ಅವಕಾಶ ಪದೇ ಪದೇ ಬರುವುದಿಲ್ಲ. ಒಮ್ಮೆ ಕೊಂಡ ವಾದ್ಯ ಹತ್ತು ವರ್ಷ ಮನೆಯಲ್ಲಿರುತ್ತದೆ, ಹತ್ತು ವರ್ಷದ ಹಾಡುಗಳೂ ಅದರ ಅಚ್ಚಿನಲ್ಲಿಯೇ ಎರಕಗೊಳ್ಳುತ್ತವೆ. ಬೀಸುವ ಕಲ್ಲಿನ ಮುಂದೆ ಹಾಡಿದ ಪದಗಳನ್ನು ಬಲ್ಲ ತಲೆಮಾರು ಮರೆಯಾಗುತ್ತಿರುವಾಗ, ಆ ದನಿಯ ಏಕೈಕ ದಾಖಲೆ ಇಂಥ ಕೋಣೆಯಲ್ಲಿಯೇ ಆಗುವ ಸಂಭವವಿದೆ. ಹೀಗಿರಲಾಗಿ, ಯಾವ ಕೀಬೋರ್ಡು, ಯಾವ ತಂತ್ರಾಂಶ ಎಂಬ ಪ್ರಶ್ನೆ ಬೆಲೆಪಟ್ಟಿಯ ಪ್ರಶ್ನೆಯಾಗಿ ಮಾತ್ರ ಉಳಿಯಲಾರದು.

2

ಮಣೆಯ ಮೇಲೆ ಸ್ವರಗಳನ್ನು ಕಟ್ಟಿ ನಿಲ್ಲಿಸಿದ ವಾದ್ಯವನ್ನು ಕುರಿತ ವಾದ ನಮಗೆ ಹೊಸದಲ್ಲ. ಪ್ಯಾರಿಸಿನಲ್ಲಿ ಅಲೆಕ್ಸಾಂಡರ್ ಡೆಬೆಯ್ನ್ 1840ರ ಸುಮಾರಿನಲ್ಲಿ ರೂಪಿಸಿದ ಹಾರ್ಮೋನಿಯಂ ಕಾಲಿನಿಂದ ತಿದಿಯೊತ್ತುವ ವಾದ್ಯವಾಗಿತ್ತು. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದರಿಂದ ನುಡಿಸುವಂತೆ ಮಾರ್ಪಡಿಸಿದ ಕೀರ್ತಿಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಕೊಡುವುದುಂಟು. ಅಲ್ಲಿಂದ ಮುಂದೆ ಅದು ನಾಟಕ ಕಂಪನಿಗಳ ಪ್ರಾಣವಾಯುವಾಯಿತು, ಭಜನೆಯ ಮಂಟಪವನ್ನೂ ಸಂಗೀತಪಾಠದ ಕೋಣೆಯನ್ನೂ ಹೊಕ್ಕಿತು.

ವಿರೋಧವೂ ಜೊತೆಯಲ್ಲಿಯೇ ಬಂದಿತು. ಅದರ ಹನ್ನೆರಡು ಸ್ವರಸ್ಥಾನಗಳು ನಮ್ಮ ಶ್ರುತಿಗಳಿಗೆ ಸಲ್ಲವೆಂಬುದು ಒಂದು ಆಕ್ಷೇಪ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದ ವಾದ್ಯಕ್ಕೆ ಗಮಕವೆಲ್ಲಿಯದು ಎಂಬುದು ಇನ್ನೊಂದು. 1940ರ ಆರಂಭದಲ್ಲಿ ರವೀಂದ್ರನಾಥ ಠಾಕೂರರು ಕಲ್ಕತ್ತೆಯ ಆಕಾಶವಾಣಿಯಿಂದ ಹಾರ್ಮೋನಿಯಂ ಅನ್ನು ದೂರವಿಡಬೇಕೆಂದು ಬರೆದರು. ಅದೇ ವರ್ಷದ ಮಾರ್ಚಿಯಲ್ಲಿ ಆಕಾಶವಾಣಿಯು ಅದನ್ನು ತನ್ನ ಎಲ್ಲ ನಿಲಯಗಳಿಂದ ಹೊರಗಿಟ್ಟಿತು. 1971ರಲ್ಲಿ ಮಾತ್ರ ಆ ನಿಷೇಧ ಭಾಗಶಃ ಸಡಿಲವಾಯಿತು.

ಈ ಮೂವತ್ತು ವರ್ಷಗಳಿಂದ ಕಲಿಯತಕ್ಕದ್ದೇನು? ನಿಷೇಧದಿಂದ ಹಾರ್ಮೋನಿಯಂ ನಶಿಸಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು (1917-2010) ಅದನ್ನು ಏಕವ್ಯಕ್ತಿವಾದನಕ್ಕೆ ಯೋಗ್ಯವಾದ ವಾದ್ಯವನ್ನಾಗಿ ನುಡಿಸಿ ತೋರಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914-2010) ತಾವು ಬಲ್ಲ ಅನೇಕ ವಾದ್ಯಗಳೊಡನೆ ಅದನ್ನೂ ಗೌರವಿಸಿದರು. ಇತ್ತ, ಆಕ್ಷೇಪವೂ ಸುಳ್ಳಾಗಲಿಲ್ಲ. ಮನೆಮನೆಯಲ್ಲಿ ಹಾರ್ಮೋನಿಯಂ ಹಿಡಿದು ಪಾಠ ಹೇಳಿಸಿಕೊಂಡ ಮಕ್ಕಳ ಕಿವಿ ಅದರ ಗಾಂಧಾರವನ್ನೇ ಗಾಂಧಾರವೆಂದು ನಂಬಿತು. ಎಂದರೆ, ದೋಷವನ್ನು ಬಲ್ಲವನ ಕೈಯಲ್ಲಿ ದೋಷವುಳ್ಳ ವಾದ್ಯವೂ ಸಂಗೀತವನ್ನು ಕೊಡುತ್ತದೆ; ದೋಷವನ್ನು ಅರಿಯದವನಿಗೆ ಅದೇ ವಾದ್ಯ ಗುರುವಾಗಿ ಕುಳಿತುಬಿಡುತ್ತದೆ. ನಿಷೇಧಿಸಿದವರು ವಾದ್ಯವನ್ನು ವಿಚಾರಣೆಗೆ ಒಳಪಡಿಸಿದರು. ಅದನ್ನು ಬಳಸುವ ಅಭ್ಯಾಸವನ್ನು ಒಳಪಡಿಸಲಿಲ್ಲ.

ವಾದ್ಯವನ್ನೇ ತಿದ್ದುವ ಇನ್ನೊಂದು ದಾರಿಯನ್ನು ಹಿಡಿದವರೂ ಉಂಟು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರ ಶ್ರುತಿವಿಚಾರವನ್ನು ಆಧರಿಸಿ, ಅಧಿಕಾರಿಯಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸರ ಪ್ರಯತ್ನದಿಂದ, ಕಳೆದ ಶತಮಾನದ ಎರಡನೆಯ ದಶಕದ ಹೊತ್ತಿಗೆ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಲಂಡನ್ನಿನಲ್ಲಿ ತಯಾರಾಯಿತು. ಅದು ಬಳಕೆಗೆ ಬರಲಿಲ್ಲ. ಮಣೆಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸ್ವರ ಚಲಿಸುವುದಿಲ್ಲವಷ್ಟೆ.

3

ಇಂದಿನ ಕೀಬೋರ್ಡಿಗೆ ಈ ಹಳೆಯ ವಾದ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಲೆಕ್ಕದಿಂದಲೇ ನೋಡಬಹುದು. ಸಮವಿಭಾಗದ ಶ್ರುತಿಯಲ್ಲಿ ಸಪ್ತಕವನ್ನು 1200 ಸೆಂಟುಗಳೆಂದು ಎಣಿಸಿ, ಒಂದೊಂದು ಮಣೆಗೆ 100 ಸೆಂಟುಗಳನ್ನು ಕೊಡುತ್ತಾರೆ. ಶುದ್ಧ ಪಂಚಮ 702 ಸೆಂಟುಗಳು, ಮಣೆಯ ಪಂಚಮ 700. ಈ ಅಂತರ ಗಣನೆಗೆ ಬಾರದು. ತಂಬೂರಿಯಿಂದ ತಾನಾಗಿಯೇ ಹೊಮ್ಮುವ ಅಂತರಗಾಂಧಾರವಾದರೋ 386 ಸೆಂಟುಗಳು, ಮಣೆಯದು 400. ಷಡ್ಜವನ್ನು ಸೆಕೆಂಡಿಗೆ 140 ಕಂಪನಗಳಲ್ಲಿ ಹಿಡಿದರೆ ತಂಬೂರಿಯ ಐದನೆಯ ಉಪಸ್ವರ 700 ಕಂಪನಗಳಲ್ಲಿ ನುಡಿಯುತ್ತದೆ. ಕೀಬೋರ್ಡಿನ ಗಾಂಧಾರದ ನಾಲ್ಕನೆಯ ಉಪಸ್ವರ ಸುಮಾರು 705.5ರಲ್ಲಿ ನುಡಿಯುತ್ತದೆ. ಎರಡೂ ಕೂಡಿದಾಗ ಸೆಕೆಂಡಿಗೆ ಐದಾರು ಸಲ ದನಿ ಅಲೆಯಾಗಿ ಒಡೆಯುತ್ತದೆ. ತಂಬೂರಿಯೊಡನೆ ಹಾಡಿ ಬಲ್ಲ ಹೆಂಗಸಿಗೆ ಕೀಬೋರ್ಡು ಜೊತೆಗೂಡಿದ ಕೂಡಲೇ ಏನೋ ಸರಿಯಿಲ್ಲವೆನ್ನಿಸಿದರೆ ಅದು ಹಳೆಯ ಕಾಲದವರ ಹಟವಲ್ಲ, ಕಿವಿಯ ಸತ್ಯ.

ಆದರೆ ಹಾರ್ಮೋನಿಯಮ್ಮಿಗಿಲ್ಲದ ಎರಡು ಸೌಕರ್ಯಗಳು ಇಂದಿನ ಯಂತ್ರಕ್ಕಿವೆ. ಮೊದಲನೆಯದು, ಪ್ರತಿ ಮಣೆಯ ಶ್ರುತಿಯನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸುವ ವ್ಯವಸ್ಥೆ. ಇದು ಕೆಲವು ಕೀಬೋರ್ಡುಗಳಲ್ಲಿದೆ. ಉಚಿತವಾಗಿ ದೊರೆಯುವ ಸರ್ಜ್ ಮುಂತಾದ ತಂತ್ರಾಂಶವಾದ್ಯಗಳಲ್ಲಿಯೂ ಇದೆ. ಎರಡನೆಯದು, ಸ್ವರವನ್ನು ಬಾಗಿಸುವ ಚಕ್ರ. ಇದರ ಗುಣದೋಷಗಳನ್ನು ತಿಳಿಯಲು ಮಿಡಿ ಎಂಬ ಒಡಂಬಡಿಕೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಸೀಕ್ವೆನ್ಷಿಯಲ್ ಸರ್ಕಿಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿಯವರ ಪ್ರಯತ್ನದ ಫಲವಾಗಿ 1983ರಲ್ಲಿ ಮಿಡಿ ರೂಢಿಗೆ ಬಂದಿತು. ಅದು ಧ್ವನಿಯನ್ನು ಸಾಗಿಸುವುದಿಲ್ಲ. ಯಾವ ಮಣೆ, ಎಷ್ಟು ರಭಸದಿಂದ, ಯಾವಾಗ ಒತ್ತಲ್ಪಟ್ಟಿತು, ಯಾವಾಗ ಬಿಡಲ್ಪಟ್ಟಿತು ಎಂಬ ಸುದ್ದಿಯನ್ನು ಮಾತ್ರ ಸಾಗಿಸುತ್ತದೆ. ಸ್ವರಗಳಿಗೆ 128 ಸಂಖ್ಯೆಗಳು, ಒತ್ತಿನ ರಭಸಕ್ಕೆ 127 ಮೆಟ್ಟಿಲುಗಳು, ಒಂದು ತಂತಿಯಲ್ಲಿ 16 ಮಾರ್ಗಗಳು. ಸ್ವರವೆಂದರೆ ಒತ್ತುವ ಒಂದು ಗುಂಡಿಯೆಂಬ ಗ್ರಹಿಕೆ ಇದರ ಅಡಿಪಾಯ. ಬಾಗಿಸುವ ಚಕ್ರಕ್ಕೆ 16,384 ಮೆಟ್ಟಿಲುಗಳನ್ನು ಕೊಟ್ಟಿದ್ದಾರೆ, ಸೂಕ್ಷ್ಮತೆಗೆ ಕೊರತೆಯಿಲ್ಲ. ಆದರೆ ಆ ಬಾಗು ಸ್ವರಕ್ಕಲ್ಲ, ಮಾರ್ಗಕ್ಕೆ ಸೇರಿದ್ದು. ಒಂದೇ ಮಾರ್ಗದಲ್ಲಿ ಷಡ್ಜವನ್ನು ಹಿಡಿದಿಟ್ಟು ಗಾಂಧಾರವನ್ನು ಕಂಪಿಸಹೊರಟರೆ ಷಡ್ಜವೂ ಜೊತೆಯಲ್ಲಿ ಕಂಪಿಸುತ್ತದೆ. ಆಧಾರಶ್ರುತಿ ಅಚಲವಾಗಿರಬೇಕೆಂಬ ನಮ್ಮ ಸಂಗೀತದ ಮೊದಲನೆಯ ನಿಯಮವನ್ನು ಬಲ್ಲವರಾರೂ ಹೀಗೆ ಏರ್ಪಡಿಸುತ್ತಿರಲಿಲ್ಲ. 2018ರಲ್ಲಿ ಅಂಗೀಕೃತವಾದ ಎಂಪಿಇ ಪದ್ಧತಿ ಒಂದೊಂದು ಸ್ವರಕ್ಕೆ ಒಂದೊಂದು ಮಾರ್ಗವನ್ನು ಕೊಟ್ಟು ಈ ತೊಡಕನ್ನು ನೀಗಿಸಿತು. 2020ರಲ್ಲಿ ಪ್ರಕಟವಾದ ಮಿಡಿಯ ಎರಡನೆಯ ಆವೃತ್ತಿ ಬಾಗನ್ನು ಪ್ರತಿ ಸ್ವರಕ್ಕೂ ಸೇರಿಸಿತು. ಆದರೆ ಅಂಥ ಕೀಬೋರ್ಡುಗಳು ದುಬಾರಿ. ಸಾಮಾನ್ಯ ಗೃಹಸ್ಥನಿಗೆ ಸುಲಭೋಪಾಯ ಬೇರೊಂದಿದೆ: ಶ್ರುತಿಯನ್ನು ಒಂದು ಮಾರ್ಗಕ್ಕೂ ರಾಗವನ್ನು ಇನ್ನೊಂದು ಮಾರ್ಗಕ್ಕೂ ಕೊಡುವುದು. ಅಥವಾ ಶ್ರುತಿಗೆ ಕೀಬೋರ್ಡನ್ನು ಅವಲಂಬಿಸದೆ ಎಲೆಕ್ಟ್ರಾನಿಕ್ ತಂಬೂರಿಯನ್ನೇ ಇರಿಸಿಕೊಳ್ಳುವುದು. ಬೆಂಗಳೂರಿನ ಜಿ. ರಾಜ್ ನಾರಾಯಣರು ಕೊಳಲುವಾದಕರೂ ಎಂಜಿನಿಯರರೂ ಆಗಿದ್ದು ರಾಡೆಲ್ ಸಂಸ್ಥೆಯ ಮೂಲಕ ರೂಪಿಸಿದ ಶ್ರುತಿಪೆಟ್ಟಿಗೆ ತಂಬೂರಿಗಳು ಇದಕ್ಕೆ ಸಮೀಪದ ಉದಾಹರಣೆ. ಅಲ್ಲಿ ಯಂತ್ರ ಹುಟ್ಟಿದ್ದು ಸಂಗೀತದ ಅಗತ್ಯದಿಂದ. ಯಂತ್ರಕ್ಕೆ ಸಂಗೀತವನ್ನು ಹೊಂದಿಸುವ ಪ್ರಸಂಗವೇ ಬರಲಿಲ್ಲ.

ಮಾರುಕಟ್ಟೆಯಲ್ಲಿ ನಮ್ಮವರಿಗೆಂದೇ ಮಾಡಿದ ಕೀಬೋರ್ಡುಗಳೂ ಇವೆ. ಯಮಾಹಾ ಸಂಸ್ಥೆಯ ಪಿಎಸ್‌ಆರ್-ಐ ಮಾಲಿಕೆಯಲ್ಲಿ ಭಾರತೀಯ ವಾದ್ಯಗಳ ಧ್ವನಿ, ಅಭ್ಯಾಸಕ್ಕಾಗಿ ತಂಬೂರಿ ತಬಲಾಗಳ ಸಹಕಾರ ದೊರೆಯುತ್ತದೆ. ರೋಲ್ಯಾಂಡಿನ ಎಕ್ಸ್‌ಪಿಎಸ್-10 ನಮ್ಮ ಆರ್ಕೆಸ್ಟ್ರಾಗಳ ವೇದಿಕೆಯಲ್ಲಿ ಪರಿಚಿತವಾದುದು. ಇವುಗಳ ಉಪಯುಕ್ತತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಶಹನಾಯಿಯ ಧ್ವನಿಯನ್ನು ಮಣೆಗೆ ಹಚ್ಚಿದ ಮಾತ್ರಕ್ಕೆ ಶಹನಾಯಿಯ ಸಂಗೀತ ಬರುವುದಿಲ್ಲ. ನಾದದ ಬಣ್ಣ ಬೇರೆ, ನಾದದ ನಡೆ ಬೇರೆ. ಅಂಗಡಿಯಲ್ಲಿ ಧ್ವನಿಗಳ ಸಂಖ್ಯೆಯನ್ನು ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಬಾಗಿಸುವ ಚಕ್ರವಿದೆಯೇ, ಅದರ ವ್ಯಾಪ್ತಿಯನ್ನು ಬದಲಿಸಬಹುದೇ? ಪ್ರತಿ ಸ್ವರದ ಶ್ರುತಿಯನ್ನು ತಿದ್ದಬಹುದೇ? ಬೆರಳಿನ ಒತ್ತಿನ ಭೇದವನ್ನು ಮಣೆ ಗುರುತಿಸುತ್ತದೆಯೇ? ಗಣಕಯಂತ್ರಕ್ಕೆ ಸುದ್ದಿಯನ್ನು ಕಳುಹಿಸಬಲ್ಲುದೇ? ಈ ನಾಲ್ಕಕ್ಕೂ ಹೌದೆನ್ನುವ ಸಾಧಾರಣ ಕೀಬೋರ್ಡು, ನೂರಾರು ಧ್ವನಿಗಳಿದ್ದು ಇವಕ್ಕೆ ಇಲ್ಲವೆನ್ನುವ ದೊಡ್ಡ ಕೀಬೋರ್ಡಿಗಿಂತ ಮೇಲು.

4

ಸ್ವರದ ವಿಷಯದಲ್ಲಿ ಎಚ್ಚರ ವಹಿಸುವವರು ಕೂಡ ಲಯದ ವಿಷಯದಲ್ಲಿ ಮೋಸಹೋಗುತ್ತಾರೆ. ಸ್ವರ ಜೋಡಿಸುವ ತಂತ್ರಾಂಶಗಳು ಬೇರೆ ಬೇರೆ ಮನೆತನಗಳಿಂದ ಬಂದವು. ಸ್ಟೈನ್‌ಬರ್ಗ್ ಸಂಸ್ಥೆಯ ಕ್ಯೂಬೇಸ್ 1989ರಲ್ಲಿ ಅಟಾರಿ ಗಣಕಯಂತ್ರದ ಮೇಲೆ ಮೊದಲಾಯಿತು. 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಿಂದ ಹೊರಟು ಈಗ ಎಫ್‌ಎಲ್ ಸ್ಟುಡಿಯೋ ಎನಿಸಿಕೊಂಡಿರುವುದು, ಡೋಲಿನ ಪೆಟ್ಟುಗಳನ್ನು ಹದಿನಾರು ಚೌಕಗಳಲ್ಲಿ ತುಂಬುವ ಯಂತ್ರವಾಗಿ ಹುಟ್ಟಿತು. ರೀಪರ್ ಎಂಬುದು ಅಗ್ಗದ ಪರವಾನಗಿಯಿಂದಲೂ, ಎಲ್‌ಎಂಎಂಎಸ್ ಮತ್ತು ಆರ್ಡರ್ ಎಂಬವು ಮುಕ್ತತಂತ್ರಾಂಶಗಳಾಗಿಯೂ ಪ್ರಸಿದ್ಧ. ಮನೆತನ ಯಾವುದಾದರೂ ಬಹುಪಾಲು ಇವುಗಳ ಮೊದಲ ಪುಟ ಒಂದೇ: ನಾಲ್ಕು ಎಣಿಕೆಯ ತಾಳ, ನಿಮಿಷಕ್ಕೆ ಸುಮಾರು 120 ಪೆಟ್ಟು, ಪರದೆಯ ತುಂಬ ಸಮಚೌಕದ ಗೆರೆಗಳು.

ಈ ಮೊದಲ ಪುಟವನ್ನು ಕನ್ನಡ ಛಂದಸ್ಸಿನ ಎದುರಿಗಿಟ್ಟು ನೋಡೋಣ. ಭಾಮಿನೀ ಷಟ್ಪದಿಯ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಿಂದ ಹದಿನಾಲ್ಕು ಮಾತ್ರೆಗಳಾಗುತ್ತದೆ. ಹದಿನಾರು ಚೌಕಗಳ ಮನೆಯಲ್ಲಿ ಇದನ್ನು ಕೂಡಿಸಿದರೆ ಎರಡು ಚೌಕ ಬರಿದಾಗಿ ಉಳಿಯುತ್ತವೆ. ಆಗ ರಾಗಸಂಯೋಜಕನು, ತನಗೇ ಅರಿವಿಲ್ಲದೆ, ಮೂರರ ಗಣವನ್ನು ನಾಲ್ಕಕ್ಕೆ ಎಳೆಯುತ್ತಾನೆ. ಎಳೆದೊಡನೆ ಮೂರು ನಾಲ್ಕರ ತೂಗಾಟ, ಎಂದರೆ ಭಾಮಿನಿಯನ್ನು ಭಾಮಿನಿಯನ್ನಾಗಿ ಮಾಡಿದ ಗುಣವೇ, ಅಳಿಸಿಹೋಗುತ್ತದೆ. ಮೂರನೆಯ ಸಾಲಿನ ಇಪ್ಪತ್ತಮೂರು ಮಾತ್ರೆಗಳ ಗತಿ ಇನ್ನೂ ಕಷ್ಟಕರ. ಅದನ್ನೇ ಏಳು ಎಣಿಕೆಯ ಮನೆಯಲ್ಲಿರಿಸಿದರೆ ಮೊದಲ ಸಾಲು ಸರಿಯಾಗಿ ಎರಡು ಆವರ್ತ. ಮೂರನೆಯದು ಕೊನೆಯ ಗುರುವಿನ ಬಳಿಕ ಐದು ಮಾತ್ರೆಗಳ ವಿಶ್ರಾಂತಿಯೊಡನೆ ನಾಲ್ಕು ಆವರ್ತ. ವಾರ್ಧಕಕ್ಕೆ ಇದೇ ರೀತಿ ಐದು ಎಣಿಕೆಯ ಮನೆ ಬೇಕು. ಈ ಮನೆಗಳನ್ನು ಕಟ್ಟಿಕೊಡಲು ಮೇಲೆ ಹೆಸರಿಸಿದ ತಂತ್ರಾಂಶಗಳಿಗೆ ಶಕ್ತಿಯಿಲ್ಲವೆಂದಲ್ಲ. ಆಜ್ಞೆಯನ್ನು ಕೊಟ್ಟರೆ ಅವು ಏಳನ್ನೂ ಎಣಿಸುತ್ತವೆ, ಐದನ್ನೂ ಎಣಿಸುತ್ತವೆ. ಅಪಾಯವಿರುವುದು ಆಜ್ಞೆಯನ್ನು ಕೊಡದೆ ಮೊದಲ ಪುಟವನ್ನೇ ಒಪ್ಪಿಕೊಳ್ಳುವ ಆಲಸ್ಯದಲ್ಲಿ.

ತ್ರಿಪದಿಯ ಪರೀಕ್ಷೆ ಇನ್ನೂ ಕಠಿನವಾದುದು. ಅದು ಮೂಲತಃ ಅಂಶಗಣದ ಛಂದಸ್ಸು; ಅಕ್ಷರಗಳನ್ನು ಹಾಡುಗಾರ್ತಿ ಹಿಗ್ಗಿಸಿ ಕುಗ್ಗಿಸಿ ನಡೆಸುತ್ತಾಳೆ. ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡಿ ಮೂರು ಸಾಲನ್ನು ನಾಲ್ಕಾಗಿ ಕೇಳಿಸುವುದೂ ಉಂಟು. ಬೀಸುವ ಕಲ್ಲಿನ ಸುತ್ತು ಅವಳ ತಾಳ. ಕಾಳು ಹಾಕಿದಾಗ ಅದು ಭಾರವಾಗಿ ನಿಧಾನಿಸುತ್ತದೆ, ಹಿಟ್ಟಾದಂತೆ ಹಗುರವಾಗುತ್ತದೆ. ಇಂಥ ಹಾಡಿಗೆ ಮೊದಲು ಗಡಿಯಾರದ ಟಿಕ್ ಟಿಕ್ ಕೇಳಿಸಿ ಆಮೇಲೆ ಹಾಡೆನ್ನುವುದು ಹೊಳೆಗೆ ಮೊದಲು ದಡ ಕಟ್ಟಿ ಆಮೇಲೆ ಹರಿಯೆಂದಂತೆ. ಮೊದಲು ಹಾಡನ್ನು ಯಾವ ತಾಳಯಂತ್ರವೂ ಇಲ್ಲದೆ ಮುದ್ರಿಸಿಕೊಂಡು, ಅನಂತರ ತಂತ್ರಾಂಶದ ಗೆರೆಗಳನ್ನು ಹಾಡಿನ ಪೆಟ್ಟುಗಳಿಗೆ ಹೊಂದಿಸಿಕೊಳ್ಳುವ ಸೌಕರ್ಯವಿದೆ. ಇದನ್ನು ಕಾಲದ ನಕ್ಷೆಯೆನ್ನಬಹುದು. ರೀಪರ್, ಕ್ಯೂಬೇಸ್, ಆರ್ಡರ್ ಇವುಗಳಲ್ಲಿ ಇದು ಸಾಧ್ಯ. ನಮ್ಮ ದೃಷ್ಟಿಯಲ್ಲಿ ತಂತ್ರಾಂಶದ ಆಯ್ಕೆಗೆ ಇದೇ ಮುಖ್ಯ ಒರೆಗಲ್ಲು.

ಪೆಟ್ಟುಗಳನ್ನು ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್ ಎಂಬ ಸೌಕರ್ಯವನ್ನು ಕುರಿತು ಒಂದು ಮಾತು. ಅದನ್ನು ಬಳಸಿದ ಮೇಲೆ ನುಡಿಸಿದ್ದು ನಿರ್ಜೀವವೆನ್ನಿಸಿದಾಗ, ಅದೇ ತಂತ್ರಾಂಶ 'ಮಾನವೀಯಗೊಳಿಸು' ಎಂಬ ಇನ್ನೊಂದು ಗುಂಡಿಯಿಂದ ಅಲ್ಲಲ್ಲಿ ಯಾದೃಚ್ಛಿಕವಾಗಿ ಪೆಟ್ಟುಗಳನ್ನು ಕದಲಿಸುತ್ತದೆ. ಮನುಷ್ಯನ ಲಯ ಗಡಿಯಾರದಿಂದ ಸರಿಯುವುದು ಯಾದೃಚ್ಛಿಕವಾಗಿ ಅಲ್ಲ. ಸಾಲಿನ ಕೊನೆಯಲ್ಲಿ ನಿಧಾನ, ಪಲ್ಲವಿಗೆ ಮರಳುವಾಗ ಅವಸರ, ಪ್ರಾಸದ ಅಕ್ಷರದ ಮೇಲೆ ಒಂದು ಒತ್ತು, ಹೀಗೆ ಆ ಸರಿತಕ್ಕೆ ಅರ್ಥವಿದೆ. ಇದ್ದ ಅರ್ಥವನ್ನು ಅಳಿಸಿ ಅದರ ಸ್ಥಾನದಲ್ಲಿ ಪಗಡೆಯ ಗರವನ್ನು ಹಾಕುವುದಕ್ಕೆ ಮಾನವೀಯತೆಯೆಂದು ಹೆಸರಿಡುವುದು ಸಮಂಜಸವಲ್ಲ.

5

ಇಷ್ಟನ್ನು ಹೇಳಿದ ಮೇಲೆ, ಯಂತ್ರವೇ ಬೇಡವೆನ್ನುವವರ ಪಕ್ಷವನ್ನು ನಾವು ಹಿಡಿದಿದ್ದೇವೆಂದು ವಾಚಕರು ಭಾವಿಸಬಾರದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಅದೂ ಒಂದು ಹೊಸ ಯಂತ್ರದ ಫಲವೇ. ಭಾವಗೀತೆಯನ್ನು ಸಭೆಯಿಂದ ಮನೆಗೆ ತಂದದ್ದು ಆ ಯಂತ್ರ. 1987ರ 'ಪ್ರೇಮಲೋಕ' ಚಿತ್ರದಲ್ಲಿ ಹಂಸಲೇಖರು ವಿದ್ಯುನ್ಮಾನ ನಾದವನ್ನು ಮರೆಮಾಚದೆ ಅದರ ಸ್ವಭಾವದಲ್ಲಿಯೇ ಬಳಸಿ ಕನ್ನಡದ ಕಿವಿಗೆ ಹೊಸದೊಂದು ಸೊಗಸನ್ನು ಕೊಟ್ಟರು. ಸಮವಿಭಾಗದ ಸ್ವರ, ನಾಲ್ಕು ಎಣಿಕೆಯ ಲಯ ಇವು ಸ್ವತಃ ದೋಷಗಳಲ್ಲ. ಆರಿಸಿಕೊಂಡವನಿಗೆ ಅವು ಶೈಲಿ. ಆರಿಸಿಕೊಳ್ಳದವನಿಗೆ ಮಾತ್ರ ಅವು ಬಂಧನ.

ಇದಕ್ಕೆ ಪ್ರತಿಯಾಗಿ, ಯಂತ್ರ ತಟಸ್ಥವಾದುದು, ಎಲ್ಲವೂ ಬಳಸುವವನ ಕೈಯಲ್ಲಿದೆ ಎನ್ನುವವರ ಮಾತೂ ಅರ್ಧಸತ್ಯವೇ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿವರ್ಷ ಫೆಬ್ರವರಿಯಲ್ಲಿ ಜಯಂತಿಗೆ ದೂರದೂರದ ತಾಂಡಾಗಳಿಂದ ಭಕ್ತರು ಬರುತ್ತಾರೆ. ಲಂಬಾಣಿ ಹೆಂಗಸರು ಗುಂಪಾಗಿ ಹಾಡುವಾಗ ಹತ್ತು ಕಂಠಗಳು ಒಂದೇ ಸ್ವರದ ಸುತ್ತಲೂ ಸೂಕ್ಷ್ಮಾಂತರಗಳಲ್ಲಿ ನಿಲ್ಲುತ್ತವೆ. ಆ ಅಗಲವೇ ಹಾಡಿನ ತುಂಬುತನ. ಈ ಮುದ್ರಿಕೆಯ ಮೇಲೆ ಶ್ರುತಿ ತಿದ್ದುವ ತಂತ್ರಾಂಶವನ್ನು ಓಡಿಸಿ, ಒಬ್ಬೊಬ್ಬರನ್ನೂ ಹತ್ತಿರದ ಮಣೆಗೆ ಕಟ್ಟಿ, ಕೆಳಗೆ ನಾಲ್ಕು ಎಣಿಕೆಯ ಡೋಲನ್ನು ಹಾಸಿದರೆ ಕೇಳಲು ನಯವಾಗಬಹುದು. ಆದರೆ ಅದು ಯಾವ ತಾಂಡಾದ ಹಾಡೆಂದು ಆ ತಾಂಡಾದವರೇ ಗುರುತಿಸಲಾರರು. ಹೊಸ ಹಾಡಿಗೆ ಇದು ಅಲಂಕಾರವಾದೀತು; ಹಳೆಯ ಹಾಡಿನ ದಾಖಲೆಗೆ ಇದು ನಷ್ಟ. ಆದುದರಿಂದ ಹೊಸದನ್ನು ಸೃಷ್ಟಿಸುವ ಕೆಲಸ, ಇದ್ದುದನ್ನು ಉಳಿಸುವ ಕೆಲಸ, ಇವೆರಡನ್ನೂ ಒಂದೇ ಕೋಣೆಯಲ್ಲಿ ಮಾಡಿದರೂ ಒಂದೇ ಕಡತದಲ್ಲಿ ಮಾಡಬಾರದು.

6

ವಿಮರ್ಶೆಯು ಗುಣದೋಷಗಳನ್ನು ಹೇಳಿ ಸುಮ್ಮನಾಗುವುದಕ್ಕಿಂತ ಒಂದು ಕ್ರಮವನ್ನೂ ಸೂಚಿಸುವುದು ಮೇಲು. ಸೀಮಿತವಾದ ಹಣವುಳ್ಳ ಮನೆಯಲ್ಲಿ ಮೊದಲ ಸ್ಥಾನ ಮೈಕಿಗೆ ಮತ್ತು ಅದರ ಧ್ವನಿಯನ್ನು ಗಣಕಯಂತ್ರಕ್ಕೆ ಊಡುವ ಉಪಕರಣಕ್ಕೆ; ಏತಕ್ಕೆಂದರೆ ನಮ್ಮ ಸಂಗೀತ ಕಂಠಪ್ರಧಾನವಾದುದು, ಕಂಠಕ್ಕೆ ಬದಲಿ ತಂತ್ರಾಂಶವಿಲ್ಲ. ಎರಡನೆಯದು ಕಿವಿಗೆ ನಂಬಿಕೆಯ ಹೆಡ್‌ಫೋನು. ಮೂರನೆಯದು ಕೀಬೋರ್ಡು, ಗಣಕಯಂತ್ರದಿಂದಲೇ ವಿದ್ಯುತ್ತನ್ನು ಪಡೆಯುವ, ಸ್ವಂತ ಧ್ವನಿಯಿಲ್ಲದ ನಲವತ್ತೊಂಬತ್ತು ಅಥವಾ ಅರುವತ್ತೊಂದು ಮಣೆಗಳದು ಸಾಕು, ಕರೆಂಟು ಹೋದಾಗಲೂ ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಅದು ನಡೆಯುತ್ತದೆ. ಕಲಿಯುವ ಮಕ್ಕಳೂ ವೇದಿಕೆಯೂ ಇರುವ ಮನೆಗೆ ಸ್ವಂತ ಧ್ವನಿಯುಳ್ಳದ್ದು ಉಚಿತ. ನಾಲ್ಕನೆಯದು ತಂತ್ರಾಂಶ, ಮುಕ್ತವಾದುದರಿಂದ ಅಥವಾ ಅಗ್ಗವಾದುದರಿಂದ ಆರಂಭಿಸಿ ಯಾವ ಸೌಕರ್ಯ ನಿಜವಾಗಿ ಬೇಕೆಂದು ತಿಳಿದ ಮೇಲೆ ಬೆಲೆಯುಳ್ಳದಕ್ಕೆ ಹೋಗಬಹುದು.

ಮಣೆಯೊತ್ತಿದ್ದಕ್ಕೂ ಧ್ವನಿ ಕೇಳಿದ್ದಕ್ಕೂ ನಡುವಣ ತಡವನ್ನು ಕುರಿತು ಹಲವರು ಕಳವಳಪಡುತ್ತಾರೆ. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 256 ಮಾದರಿಗಳ ಸಂಗ್ರಹವನ್ನಿಟ್ಟರೆ ಆ ಒಂದು ಕಾರಣದಿಂದಾಗುವ ತಡ ಸೆಕೆಂಡಿನ ಸಾವಿರದಲ್ಲಿ ಐದೂಕಾಲು ಪಾಲು. ಇದು ಎರಡು ಮೀಟರಿಗಿಂತ ಕಡಿಮೆ ದೂರದಲ್ಲಿ ಕುಳಿತ ಪಕ್ಕವಾದ್ಯದವನ ಧ್ವನಿ ಬರಲು ಹಿಡಿಯುವ ಕಾಲ. 1024 ಮಾದರಿಗಳಾದರೆ ತಡ ಇಪ್ಪತ್ತೊಂದನ್ನು ಮೀರಿ ಕೈ ಮುಗ್ಗರಿಸುತ್ತದೆ. ಇದು ಉಪಕರಣವನ್ನು ಸರಿಯಾಗಿ ಹೊಂದಿಸುವ ಪ್ರಶ್ನೆ. ಹೊಸದನ್ನು ಕೊಳ್ಳುವ ಪ್ರಶ್ನೆ ಆಮೇಲಿನದು. ಮಳೆಗಾಲದಲ್ಲಿ ತಗಡಿನ ಚಾವಣಿಯ ಸದ್ದನ್ನು ಯಾವ ಯಂತ್ರವೂ ನಿವಾರಿಸದು. ಆ ಹೊತ್ತಿನಲ್ಲಿ ಮುದ್ರಿಸದಿರುವುದೇ ವಿವೇಕ.

ಕೊನೆಯದಾಗಿ, ಸಂಶೋಧಕನಿಗೆ ಅತ್ಯಂತ ಮುಖ್ಯವಾದದ್ದು ರಕ್ಷಣೆ. ತಂತ್ರಾಂಶದ ಸ್ವಂತ ಕಡತವನ್ನು ಆ ತಂತ್ರಾಂಶ ಮಾತ್ರ ಓದುತ್ತದೆ. ಅದು ನಿಂತುಹೋದ ದಿನ ಕಡತವೂ ಮೂಕವಾಗುತ್ತದೆ. ಆದುದರಿಂದ ಪ್ರತಿ ಹಾಡಿನ ಕಂಠವನ್ನು ಯಾವ ತಿದ್ದುಪಡಿಯೂ ಇಲ್ಲದ ವೇವ್ ಕಡತವಾಗಿಯೂ, ನುಡಿಸಿದ್ದನ್ನು ಸಾಮಾನ್ಯ ಮಿಡಿ ಕಡತವಾಗಿಯೂ ಪ್ರತ್ಯೇಕವಾಗಿ ತೆಗೆದಿಡಬೇಕು. 24 ಬಿಟ್‌ಗಳ ಎರಡು ಮಾರ್ಗದ ಮುದ್ರಿಕೆಗೆ ನಿಮಿಷಕ್ಕೆ ಸುಮಾರು 17 ಮೆಗಾಬೈಟು ಬೇಕಾಗುತ್ತದೆ. ಇಂದಿನ ಸಂಗ್ರಹಸಾಧನಗಳಿಗೆ ಇದೊಂದು ಹೊರೆಯಲ್ಲ. ಜೊತೆಗೆ ಹಾಡಿದವರ ಊರು, ಹಾಡಿನ ಸಂದರ್ಭ, ಮುದ್ರಿಸಿದ ದಿನ, ಷಡ್ಜದ ಶ್ರುತಿ ಇವನ್ನು ಒಂದು ಪುಟದಲ್ಲಿ ಬರೆದಿಟ್ಟರೆ ಮನೆಯ ಮುದ್ರಿಕೆಯೇ ಶಾಸ್ತ್ರಕ್ಕೆ ಆಧಾರವಾಗುತ್ತದೆ. ಹಾಡಿದವರ ಒಪ್ಪಿಗೆಯನ್ನು ಪಡೆಯುವುದು ಎಲ್ಲಕ್ಕಿಂತ ಮೊದಲಿನದೆಂದು ಬೇರೆ ಹೇಳಬೇಕಾಗಿಲ್ಲ.

ಹಾರ್ಮೋನಿಯಮ್ಮನ್ನು ಕುರಿತು ನಮ್ಮ ಹಿರಿಯರು ಮೂವತ್ತು ವರ್ಷ ವಾದಮಾಡಿದರು. ಅಷ್ಟರಲ್ಲಿ ಒಂದು ತಲೆಮಾರಿನ ಕಿವಿ ರೂಪುಗೊಂಡುಹೋಗಿತ್ತು. ಈ ಸಲ ವಾದಕ್ಕೆ ಅಷ್ಟು ಕಾಲಾವಕಾಶವಿಲ್ಲ. ಸಂಗೀತವಿಭಾಗಗಳು ರಾಗಲಕ್ಷಣವನ್ನು ಬೋಧಿಸುವಂತೆ ಈ ಯಂತ್ರಗಳ ಲಕ್ಷಣವನ್ನೂ ಬೋಧಿಸಬೇಕು. ಭಾಮಿನಿಯನ್ನು ಏಳರ ಮನೆಯಲ್ಲಿ ಕೂರಿಸುವುದು, ಗಾಂಧಾರವನ್ನು ತಂಬೂರಿಗೆ ಇಳಿಸುವುದು, ಹಾಡಿನ ಹಿಂದೆ ಗೆರೆಗಳನ್ನು ನಡೆಸುವುದು ಇವು ಒಂದು ವಾರದಲ್ಲಿ ಕಲಿಸಬಹುದಾದ ವಿದ್ಯೆಗಳು. ಇಷ್ಟನ್ನು ಬಲ್ಲವನು ಯಾವ ಕೀಬೋರ್ಡನ್ನು ಕೊಂಡರೂ ನಷ್ಟವಿಲ್ಲ. ಬಲ್ಲದವನು ಎಷ್ಟು ಬೆಲೆಯದನ್ನು ಕೊಂಡರೂ ಲಾಭವಿಲ್ಲ.